ಬೆರಳಿಗಿಂತ ಹಿಂದುಳಿದ ಪರದೆ

ನಮ್ಮ ಆಸ್ಪತ್ರೆಗೆ ಬಂದವರು ವೈದ್ಯರ ಮುಖ ನೋಡುವ ಮೊದಲು ಅವಳ ಮುಖ ನೋಡಬೇಕಾಗಿತ್ತು. ಹಜಾರಕ್ಕೆ ಕಾಲಿಟ್ಟರೆ ಎಡಗಡೆ ನೋಂದಣಿಯ ಮೂರು ಕಿಟಕಿ, ನಡುವಿನದು ಅವಳದು. ಹೆಸರು, ವಯಸ್ಸು, ಕಸುಬು, ಏನು ತೊಂದರೆ ಎಂದು ಕೇಳಿ, ಕಂಪ್ಯೂಟರಿಗೆ ಹಾಕಿ, ಚೀಟಿ ಹರಿದು ಕೊಟ್ಟು, ಇಂಥ ಕೋಣೆಗೆ ಹೋಗಿ ಎಂದು ಕಳಿಸುವುದು ಅವಳ ಕೆಲಸ. ಕೂದಲು ಕಪ್ಪಗಿದ್ದಾಗ ಆ ಕುರ್ಚಿಯಲ್ಲಿ ಕೂತವಳು ಪೂರ್ತಿ ನರೆಯುವವರೆಗೆ ಅಲ್ಲೇ ಇದ್ದಳು, ಕೊನೆಯ ಒಂದಷ್ಟು ಕಾಲವನ್ನು ಬಿಟ್ಟು. ಅವಳು ತೀರಿಕೊಂಡು ಇನ್ನೂ ತಿಂಗಳು ತುಂಬಿಲ್ಲ. ಬಂದವರೆಲ್ಲ ನನ್ನನ್ನು ಹಿಡಿದು, "ಯಾಕೆ ಕಿಟಕಿ ಬಿಟ್ಟು ಎದ್ದರು ಅವರು? ಕೈಲಾಗದೆ ಬಿಟ್ಟರಂತಲ್ಲ?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವಷ್ಟು ಶಕ್ತಿ ನನ್ನಲ್ಲಿಲ್ಲ. ಬರೆದುಬಿಡುವುದು ಸುಲಭ.

ನಾನು ಅದೇ ಹಜಾರದ ಎದುರು ಗೋಡೆಯಲ್ಲಿರುವ ಔಷಧಿ ಕಿಟಕಿಯವಳು. ಅವಳು ನನ್ನನ್ನು ಕರೆಯುತ್ತಿದ್ದುದು "ಮಾತ್ರೆ" ಎಂದು. ಆಸ್ಪತ್ರೆಯ ಆಯಾಗಳು, ಗಾಲಿಕುರ್ಚಿ ತಳ್ಳುವವರು ಎಲ್ಲ ಅವಳನ್ನು ಮಿಂಚಕ್ಕ ಎನ್ನುತ್ತಿದ್ದರು. ನನಗೆ ಬರೀ ಮಿಂಚು. ಒಂದೇ ವರ್ಷ ಕೆಲಸಕ್ಕೆ ಸೇರಿದವರು ನಾವು, ಡಬ್ಬಿ ಹಂಚಿಕೊಂಡು ಊಟ ಮಾಡಿದವರು.

ಮಿಂಚು ಅನ್ನುವ ಹೆಸರು ಅವಳ ಬೆರಳಿಗೆ ಬಂದದ್ದು, ಅವಳಿಗಲ್ಲ. ಉಳಿದೆಲ್ಲದರಲ್ಲೂ ಅವಳಷ್ಟು ನಿಧಾನದವಳನ್ನು ನಾನು ಕಂಡಿಲ್ಲ. ಊಟಕ್ಕೆ ಕೂತರೆ ನನ್ನ ಕೈ ತೊಳೆದು ಒಣಗಿದ ಮೇಲೂ ಅವಳ ಡಬ್ಬಿಯಲ್ಲಿ ಅರ್ಧ ಉಳಿದಿರುತ್ತಿತ್ತು. ರಸ್ತೆ ದಾಟಲು ನಿಂತರೆ ನಿಂತೇ ಇರುತ್ತಿದ್ದಳು. ಅವಳ ಗಂಡ ಸಿಟಿ ಬಸ್ಸಿನ ಚಾಲಕ, ಮಾತಿಗೆ ಮುಂಚೆ ನಗುವ ಮನುಷ್ಯ. "ಆಸ್ಪತ್ರೇಲಿ ಮಿಂಚು, ಮನೇಲಿ ಮೋಡ," ಎಂದು ಬಂದವರಿಗೆಲ್ಲ ಹೆಂಡತಿಯನ್ನು ಪರಿಚಯ ಮಾಡಿಸುತ್ತಿದ್ದರು.

"ಮೋಡ ಇದ್ರೇ ತಾನೆ ಮಿಂಚು?" ಅನ್ನುತ್ತಿದ್ದಳು ಅವಳು, ಅದನ್ನೂ ನಿಧಾನವಾಗಿಯೇ.

ಹಳೆಯ ಕಂಪ್ಯೂಟರಿನ ಕಾಲ ಅದು. ಕಪ್ಪು ಪರದೆ, ಅದರ ಮೇಲೆ ಹಸಿರು ಅಕ್ಷರ, ಚಿತ್ರ ಗಿತ್ರ ಒಂದೂ ಇಲ್ಲ. ಈಗ ಕೈಯಲ್ಲಿ ಹಿಡಿದು ತಿರುಗುವ ಫೋನಿನ ಮುಂದೆ ಆ ಯಂತ್ರ ಏನೇನೂ ಅಲ್ಲವಂತೆ. ಆದರೆ ಅದಕ್ಕೆ ಒಂದು ಗುಣವಿತ್ತು: ಬೆರಳು ಒತ್ತಿದ್ದನ್ನು ಕಳೆಯುತ್ತಿರಲಿಲ್ಲ. ಪರದೆ ಬದಲಾಗುವ ಮೊದಲೇ ಮುಂದಿನ ಖಾನೆಯ ಅಕ್ಷರಗಳನ್ನು ಒತ್ತಿಬಿಟ್ಟರೂ, ಅದು ಎಲ್ಲವನ್ನೂ ಉಡಿಯಲ್ಲಿ ಕಟ್ಟಿಕೊಂಡಿದ್ದು, ತನ್ನ ಸರದಿ ಬಂದಾಗ ಒಂದೊಂದಾಗಿ ಸರಿಯಾದ ಜಾಗದಲ್ಲಿ ಸುರಿಯುತ್ತಿತ್ತು. ಇದು ಗೊತ್ತಾದ ಮೇಲೆ ಮಿಂಚು ಪರದೆಗಾಗಿ ಕಾಯುವುದನ್ನೇ ಬಿಟ್ಟಳು. ಹೆಸರು, ಒಂದು ಗುಂಡಿ, ವಯಸ್ಸು, ಒಂದು ಗುಂಡಿ, ಕಸುಬು, ತೊಂದರೆ, ಕೊನೆಗೆ ದೊಡ್ಡ ಗುಂಡಿ. ಕೈ ಮುಗಿಸಿರುತ್ತಿತ್ತು, ಪರದೆ ಹಿಂದಿನಿಂದ ಓಡೋಡಿ ಬಂದು ಸೇರಿಕೊಳ್ಳುತ್ತಿತ್ತು, ಅಮ್ಮನ ಸೆರಗು ಹಿಡಿಯಲು ಬರುವ ಮಗುವಿನ ಹಾಗೆ. ಅವಳು ಅದನ್ನು ತಿರುಗಿ ಕೂಡ ನೋಡುತ್ತಿರಲಿಲ್ಲ.

ಹಾಗಾದರೆ ಏನನ್ನು ನೋಡುತ್ತಿದ್ದಳು? ಎದುರು ನಿಂತವರ ಮುಖವನ್ನು. ಬೆರಳಿಗೆ ದಾರಿ ಗೊತ್ತಿತ್ತು, ಕಣ್ಣಿಗೆ ಬಿಡುವಿತ್ತು. ಒಮ್ಮೆ ಒಬ್ಬ ಬಡಗಿ ಬಂದು "ಸ್ವಲ್ಪ ತಲೆನೋವು" ಅಂದ. ಅವಳು ಟೈಪು ಮಾಡುತ್ತಲೇ, "ಎಲ್ಲಿ, ಒಂದ್ಸಲ ನಗಿ ನೋಡೋಣ," ಎಂದಳು. ಅವನಿಗೆ ಸಿಟ್ಟು. "ನಗೋಕೆ ಬಂದಿದೀನಾ ಇಲ್ಲಿ?" ಎಂದು ಗದರಿದಾಗ ಅವನ ತುಟಿಯ ಒಂದು ಕೊನೆ ಏಳಲಿಲ್ಲ; ಲಕ್ವ ಹೊಡೆಯುವ ಸೂಚನೆ ಅದು. ಅವಳು ಚೀಟಿ ಹರಿಯುವ ಮೊದಲೇ ಗಾಲಿಕುರ್ಚಿಯವನನ್ನು ಕೂಗಿದ್ದಳು. ಆ ಬಡಗಿ ಆಮೇಲೆ ಎಷ್ಟೋ ವರ್ಷ ಬಾಗಿಲು ರಿಪೇರಿಗೆ ನಮ್ಮ ಆಸ್ಪತ್ರೆಗೇ ಬರುತ್ತಿದ್ದ. ಬಂದಾಗಲೆಲ್ಲ ಕಿಟಕಿ ಮುಂದೆ ನಿಂತು ಹಲ್ಲು ಕಿಸಿದು ತೋರಿಸಿ ಹೋಗುತ್ತಿದ್ದ.

ಇದನ್ನು ಅವಳು ವೈದ್ಯಕೀಯ ಎಂದುಕೊಂಡಿರಲಿಲ್ಲ. "ನಂಗೇನೂ ಗೊತ್ತಾಗಲ್ಲ ಮಾತ್ರೆ. ಯಾರು ಕಾಯಬಹುದು, ಯಾರು ಕಾಯಬಾರದು, ಅಷ್ಟು ಕಾಣುತ್ತೆ," ಎನ್ನುತ್ತಿದ್ದಳು. ಆ ಕಿಟಕಿಯಲ್ಲಿ ಅವಳಿಗೆ ಬೇಕಾಗಿದ್ದದ್ದೂ ಅಷ್ಟೇ. ಮೇಲಿನ ಮಹಡಿಯ ದಾಖಲೆ ಕೋಣೆಗೆ ಹಿರಿಯರು ಆಸೆಪಟ್ಟು ಹೋಗುತ್ತಾರೆ; ಅಲ್ಲಿ ಫ್ಯಾನಿದೆ, ಗದ್ದಲವಿಲ್ಲ. ಇವಳಿಗೆ ಮೂರು ಸಲ ಕರೆ ಬಂದರೂ ಹೋಗಲಿಲ್ಲ. "ಅಲ್ಲಿ ಬರೀ ಕಾಗದದ ಮುಖ," ಅಂದಳು.

ಹೊಸ ಕಂಪ್ಯೂಟರುಗಳು ಬಂದವು. ಇದನ್ನೂ ಹೇಳಬೇಕು: ಅವು ಬೇಕಾಗಿದ್ದವು. ಹಳೆಯ ವ್ಯವಸ್ಥೆಯಲ್ಲಿ ಕಿಟಕಿಗೂ ಪ್ರಯೋಗಾಲಯಕ್ಕೂ ಮಾತುಕತೆಯೇ ಇರಲಿಲ್ಲ. ರಕ್ತ ಪರೀಕ್ಷೆಯ ಕಾಗದ ಕೈಯಿಂದ ಕೈಗೆ ಹೋಗುತ್ತ ದಾರಿಯಲ್ಲಿ ಕಳೆದುಹೋಗುತ್ತಿತ್ತು. ವೈದ್ಯರ ಅಕ್ಷರ ಓದಲಾರದೆ ನಾನು ಮಹಡಿ ಹತ್ತಿ ಇಳಿದು ಮೊಣಕಾಲು ಸವೆಸಿಕೊಂಡಿದ್ದೇನೆ. ಹೊಸದರಲ್ಲಿ ಎಲ್ಲವೂ ನನ್ನ ಪರದೆಗೆ ಅಚ್ಚುಕಟ್ಟಾಗಿ ಬಂತು. ಯಾರಿಗೆ ಯಾವ ಔಷಧಿ ಆಗಿಬರುವುದಿಲ್ಲ ಎಂಬುದು ಕೆಂಪು ಸಾಲಿನಲ್ಲಿ ಹೊಳೆಯುತ್ತಿತ್ತು. ನಾನು ಸಂತೋಷಪಟ್ಟೆ. ಮಿಂಚುವೂ ಪಟ್ಟಳು. ತಂದವರು "ಹಳೇದಕ್ಕಿಂತ ಸಾವಿರ ಪಟ್ಟು ಜೋರು" ಅಂದಾಗ ಅವಳು ಬೆರಳು ನೆಟಿಗೆ ಮುರಿದು, "ಹಾಗಿದ್ರೆ ಈಗ ನಾನೇ ಅದರ ಹಿಂದೆ ಓಡಬೇಕೋ ಏನೋ," ಎಂದಿದ್ದಳು.

ಅದು ಓಡಲಿಲ್ಲ. ಗುಂಡಿ ಒತ್ತಿದರೆ ಪರದೆಯ ನಡುವೆ ಒಂದು ನೀಲಿ ವೃತ್ತ ಬಂದು ತಿರುಗುತ್ತಿತ್ತು. ಬಹಳ ಹೊತ್ತೇನಲ್ಲ. ಒಂದು ಉಸಿರು ಎಳೆದು ಬಿಡುವಷ್ಟು, ಕೆಲವೊಮ್ಮೆ ಎರಡು. ಅಷ್ಟಕ್ಕೆ ದೂರು ಹೇಳಲು ಹೋದರೆ ಹೇಳಿದವರೇ ಸಣ್ಣವರಾಗುತ್ತಾರೆ. ಆದರೆ ವೃತ್ತ ತಿರುಗುವಾಗ ಒತ್ತಿದ ಅಕ್ಷರಗಳನ್ನು ಆ ಯಂತ್ರ ಉಡಿಯಲ್ಲಿ ಕಟ್ಟಿಕೊಳ್ಳುತ್ತಿರಲಿಲ್ಲ. ನೆಲಕ್ಕೆ ಚೆಲ್ಲುತ್ತಿತ್ತು. ಕೈ ಮುಂದೆ ಹೋದಷ್ಟೂ ಮೊದಲ ಅಕ್ಷರಗಳು ಮಾಯ.

ಶುರುವಿನಲ್ಲಿ ಅದೊಂದು ತಮಾಷೆಯೇ ಆಯಿತು. ಕಸುಬಿನ ಜಾಗದಲ್ಲಿ ಅವಳು "ನಿವೃತ್ತ" ಎಂದು ಒತ್ತಿದರೆ "ನಿ" ಬಿದ್ದುಹೋಗಿ "ವೃತ್ತ" ಮಾತ್ರ ಉಳಿಯುತ್ತಿತ್ತು. ಊರಿನ ಮುದುಕರೆಲ್ಲ ಒಬ್ಬೊಬ್ಬರಾಗಿ ವೃತ್ತಗಳಾದರು. ಒಬ್ಬ ನಿವೃತ್ತ ಗಣಿತದ ಮೇಷ್ಟರು ಚೀಟಿಯನ್ನು ಮೂಗಿನ ಹತ್ತಿರ ಹಿಡಿದು ಓದಿ, ತಮ್ಮ ಹೊಟ್ಟೆ ನೋಡಿಕೊಂಡು, "ತಾಯಿ, ಇಷ್ಟು ನೇರವಾಗಿ ಬರೀಬಾರದಾಗಿತ್ತು," ಎಂದರು. ಇಡೀ ಸಾಲು ನಕ್ಕಿತು. ಮಿಂಚು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅವತ್ತು ಸಂಜೆ ಬಸ್ಸಿಗೆ ಕಾಯುವಾಗ ಮಾತ್ರ, "ನಗು ಬಂತು ಮಾತ್ರೆ, ಆದ್ರೆ ಯಾಕೋ ಕೈ ಮೇಲೆ ಹೊಡೆದ ಹಾಗಾಯ್ತು," ಅಂದಳು.

ಅವಳು ತಿದ್ದಿಕೊಳ್ಳಲು ನೋಡಿದಳು. ಆದರೆ ಅಷ್ಟು ವರ್ಷ ಪರದೆಗಿಂತ ಮುಂದೆ ನಡೆದ ಬೆರಳಿಗೆ ನಿಲ್ಲು ಅಂದರೆ ಹೇಗೆ ನಿಂತೀತು? ನಿಲ್ಲಿಸಬೇಕಾದರೆ ಪ್ರತಿ ಸಲವೂ ಪರದೆ ನೋಡಬೇಕು. ಪರದೆ ನೋಡಿದರೆ ಮುಖ ತಪ್ಪುತ್ತದೆ. ಮುಖ ನೋಡಿದರೆ ಬೆರಳು ತಾನಾಗಿ ಹೊರಡುತ್ತದೆ.

ಒಂದು ದಿನ ಸಾಲು ಬಾಗಿಲು ದಾಟಿ ಮೆಟ್ಟಿಲಿಗಿಳಿದಿತ್ತು. ಕಾಲು ಊದಿದ ಒಬ್ಬ ಹೆಂಗಸಿನ ಚೀಟಿ ಮುಗಿಸಿ ಮಿಂಚು ಮುಂದಿನವರ ಪುಟ ತೆರೆಯುವ ಗುಂಡಿ ಒತ್ತಿದಳು. ಮುಂದಿನವರು ಕೆಮ್ಮುತ್ತಿದ್ದ ಒಬ್ಬ ಮುದುಕರು, ಹಳೆಯ ಕಾವಲುಗಾರರು. "ಅಮ್ಮಾ, ಹೋದ ಸಲ ಬೇರೆ ಕಡೆ ಪೆನ್ಸಿಲಿನ್ ಚುಚ್ಚಿ ಗಂಟಲು ಕಟ್ಟಿ ಸಾಯೋ ಹಾಗಾಗಿತ್ತು. ಅದನ್ನ ಮೊದಲು ಬರ್ಕೊಳ್ಳಿ," ಅಂದರು. ಅವಳು ಅವರ ಎದೆ ಏರಿಳಿಯುವುದನ್ನು ನೋಡುತ್ತಾ, ಪೆನ್ಸಿಲಿನ್ ಆಗಿಬರುವುದಿಲ್ಲ ಎಂದು ಒತ್ತಿ, ದೊಡ್ಡ ಗುಂಡಿ ಒತ್ತಿದಳು. ಪರದೆ ಆಗ ಇನ್ನೂ ಬದಲಾಗಿರಲಿಲ್ಲ, ವೃತ್ತವೂ ಮೂಡಿರಲಿಲ್ಲ, ಹಿಂದಿನ ಪುಟವೇ ತೆರೆದಿತ್ತು. ಮುದುಕರ ಮಾತು ಕಾಲು ಊದಿದ ಹೆಂಗಸಿನ ಪುಟದಲ್ಲಿ ಹೋಗಿ ಕೂತಿತು. ಮುದುಕರ ಪುಟದಲ್ಲಿ ಆ ಜಾಗ ಖಾಲಿ ಉಳಿಯಿತು.

ಆ ಖಾಲಿ ಜಾಗ ನೋಡಿ ವೈದ್ಯರು ಅದೇ ಜಾತಿಯ ಮಾತ್ರೆ ಬರೆದರು. ಅದು ನನ್ನ ಕಿಟಕಿಗೆ ಬಂತು. ನನ್ನ ಪರದೆಯಲ್ಲೂ ಕೆಂಪು ಸಾಲು ಇರಲಿಲ್ಲ. ನಾನು ಮಾತ್ರೆ ಕತ್ತರಿಸಿ ಲಕೋಟೆಗೆ ಹಾಕುತ್ತಾ, ಬಾಯಿಪಾಠದ ಹಾಗೆ ಎಲ್ಲರಿಗೂ ಕೇಳುವುದನ್ನೇ ಕೇಳಿದೆ: "ಯಾವ್ದಾದ್ರೂ ಮಾತ್ರೆ ಆಗಿಬರಲ್ವಾ ತಾತ?"

"ಎಷ್ಟು ಜನಕ್ಕೆ ಹೇಳ್ಬೇಕಮ್ಮ?" ಎಂದರು ಅವರು ಬೇಸರದಿಂದ. "ಆಗಲೇ ಆ ಅಮ್ಮಂಗೆ ಹೇಳಿದ್ನಲ್ಲ, ಪೆನ್ಸಿಲಿನ್ ಅಂತ."

ನಾನು ಲಕೋಟೆ ಹಿಂದಕ್ಕೆಳೆದುಕೊಂಡೆ. ವೈದ್ಯರಿಗೆ ಹೇಳಿ ಬೇರೆ ಬರೆಸಿ ಅವರನ್ನು ಕಳಿಸಿದ ಮೇಲೆ ಹಜಾರ ದಾಟಿ ಅವಳ ಕಿಟಕಿಯ ಪಕ್ಕದ ಬಾಗಿಲಿಗೆ ಹೋದೆ. ಮೆಲ್ಲಗೆ ಹೇಳಿದೆ. ಅವಳು ಎರಡು ಕೈಯನ್ನೂ ಕೀಲಿಮಣೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಪಕ್ಕದ ಕಿಟಕಿಯವಳಿಂದ ಆ ಹೆಂಗಸಿನ ಪುಟ ತೆರೆಸಿ ತಪ್ಪಾಗಿ ಕೂತ ಸಾಲನ್ನು ತೆಗೆಸಿದಳು, ಮುದುಕರ ಪುಟಕ್ಕೆ ಹಾಕಿಸಿದಳು, ಅವಳಿಗೇ ಕಿಟಕಿ ನೋಡಿಕೋ ಎಂದು ಹೇಳಿ ನೇರ ಮೇಲ್ವಿಚಾರಕರ ಕೋಣೆಗೆ ನಡೆದಳು. ನಾನೂ ಹಿಂದೆ ಹೋದೆ.

ಮೇಲ್ವಿಚಾರಕರು ಕೆಟ್ಟವರಲ್ಲ. ಕೇಳಿ ಕನ್ನಡಕ ತೆಗೆದಿಟ್ಟು, "ಯಾರಿಗೂ ಏನೂ ಆಗ್ಲಿಲ್ವಲ್ಲಮ್ಮ. ಇನ್ಮೇಲೆ ಹುಷಾರಾಗಿರಿ," ಎಂದರು.

"ಆಗ್ಲಿಲ್ಲ ಅಂದ್ರೆ ಅದು ಇವಳ ಬಾಯಿಂದ ಸಾರ್. ನನ್ನ ಕೈಯಿಂದ ಆಗಿಹೋಗಿತ್ತು." ಅವಳ ಧ್ವನಿ ಏರಲಿಲ್ಲ. "ಆ ಹೊಸ ಕಂಪ್ಯೂಟರಿನ ವ್ಯವಸ್ಥೆ ಮಾಡಿದವರನ್ನ ಒಂದ್ಸಲ ಕರೆಸಿ. ನಾನು ಕಿಟಕಿ ಬಿಡಲ್ಲ. ಆದ್ರೆ ಹೀಗೇ ಇದ್ರೆ ಅಲ್ಲಿ ಕೂರೋಕೆ ನಂಗೆ ಭಯ."

ಹಾಗೆ ಬಂದವರು ಅಪ್‌ಡೇಟ್ ಸಾರ್. ಆ ಹೆಸರು ನಾವಿಟ್ಟದ್ದು. ನಡುವಯಸ್ಸಿನವರು, ಭುಜದ ಮೇಲೆ ಭಾರದ ಚೀಲ, ಕಣ್ಣಿನ ಕೆಳಗೆ ಕಪ್ಪು. ಬೆಳಗಿನಿಂದ ಮಧ್ಯಾಹ್ನದವರೆಗೆ ಅವಳ ಪಕ್ಕ ಸ್ಟೂಲು ಹಾಕಿಕೊಂಡು ಸುಮ್ಮನೆ ಅವಳ ಬೆರಳನ್ನೇ ನೋಡಿದರು. ಊಟದ ಹೊತ್ತಿಗೆ ನನ್ನ ಔಷಧಿ ಕೋಣೆಯ ರಟ್ಟಿನ ಪೆಟ್ಟಿಗೆಗಳ ನಡುವೆ ಮೂವರೂ ಚಹಾ ಹಿಡಿದು ಕೂತೆವು.

"ನಿಮ್ಮ ಆಫೀಸಲ್ಲೂ ಹೀಗೇ ತಿರುಗುತ್ತಾ ಸಾರ್ ಇದು?" ಎಂದಳು ಮಿಂಚು.

"ಇಲ್ಲಕ್ಕ. ಅದೇ ಪೀಡೆ. ನಮ್ಮ ಮೇಜಿನ ಮೇಲಿರೋದು ಹೊಸಾ ಯಂತ್ರ, ಒತ್ತಿದ್ರೆ ಬಂತು. ಎದುರಿಗೆ ಸಾಲೂ ಇರಲ್ಲ, ಕೆಮ್ಮೋರೂ ಇರಲ್ಲ. ಚೆನ್ನಾಗಿದೆ ಅಂತ ಕಳಿಸ್ತೀವಿ."

"ಮತ್ತೆ ಇಲ್ಲಿಗೆ ಬರೋಷ್ಟರಲ್ಲಿ ಏನಾಗುತ್ತೆ ಅದಕ್ಕೆ? ದಾರೀಲಿ ಬಿಸಿಲು ಬಡಿಯುತ್ತಾ?"

ಅವರು ನಕ್ಕರು. ಆಮೇಲೆ ಚಹಾದ ಲೋಟ ಕೆಳಗಿಟ್ಟು ಹೇಳಿದರು. "ಮುಂಚೆ ನೀವು ಒತ್ತಿದ್ದು ಇಲ್ಲೇ ಮೇಜಿನ ಕೆಳಗೆ ಹೋಗ್ತಿತ್ತು. ಈಗ ಇನ್ನೊಂದು ಊರಿಗೆ ಹೋಗುತ್ತೆ. ಹೋಗೋ ದಾರೀಲಿ ಬಾಗಿಲು ಬಾಗಿಲಲ್ಲೂ ನೀನ್ಯಾರು ಅಂತ ಕೇಳ್ತಾರೆ. ಒಬ್ಬ ಕಳ್ಳತನ ಆಗಬಾರದು ಅಂತ ಬಾಗಿಲಿಟ್ಟ. ಒಬ್ಬ ಯಾರು ಏನು ಒತ್ತಿದ್ರು ಅಂತ ಗುರುತು ಇಡೋಕೆ ಇಟ್ಟ. ಇನ್ನೊಬ್ಬ ಬರೀ ಚೆಂದಕ್ಕೆ, ಪುಟ ಜಾರಿಕೊಂಡು ಬರಲಿ ಅಂತ. ಒಬ್ಬೊಬ್ಬರನ್ನೇ ಹಿಡಿದು ಕೇಳಿ, ಎಲ್ಲರ ಹತ್ರಾನೂ ಕಾರಣ ಇದೆ. ಒಂದೊಂದೂ ಕಣ್ಣು ಮಿಟುಕಿಸೋಷ್ಟು ಹೊತ್ತು. ಒಟ್ಟು ಸೇರೋದು ನಿಮ್ಮ ಕಿಟಕೀಲಿ."

"ಒಟ್ಟು ನೋಡೋರು ಯಾರೂ ಇಲ್ವಾ?" ಎಂದೆ ನಾನು.

"ಒಟ್ಟು ಯಾರ ಕೆಲಸಾನೂ ಅಲ್ಲಮ್ಮ." ಅವರು ಹಣೆ ತಿಕ್ಕಿಕೊಂಡರು. "ಇನ್ನೊಂದು ಹೇಳ್ತೀನಿ, ನಗಬೇಡಿ. ನಾವು ಬರೆಯೋದೇ ಕಮ್ಮಿ. ಬೇರೆಯವರು ಬರೆದಿಟ್ಟದ್ದನ್ನ ತಂದು ಜೋಡಿಸ್ತೀವಿ. ಒಂದು ಗುಂಡುಸೂಜಿ ಬೇಕಾದ್ರೆ ಇಡೀ ಅಂಗಡೀನೇ ಹೊತ್ಕೊಂಡು ಬರ್ತೀವಿ. ಯಂತ್ರ ಹೇಗೂ ಜೋರಿದೆ, ಹೊರುತ್ತೆ ಬಿಡು ಅಂತ. ಅದು ಜೋರಾದಷ್ಟೂ ನಾವು ಹೇರ್ತಾ ಹೋದ್ವಿ. ಜೋರಿನಿಂದ ಆದ ಲಾಭ ನಮಗೆ ಬಂತಕ್ಕ, ಬೇಗ ಬೇಗ ಕಟ್ಟಿ ಮುಗಿಸ್ತೀವಿ. ಭಾರ ನಿಮಗೆ ಬಂತು."

ಮಿಂಚು ಅವರ ಕಣ್ಣಿನ ಕೆಳಗಿನ ಕಪ್ಪನ್ನು ನೋಡಿದಳು. "ಪಾಪ, ನಿಮಗೂ ನಿದ್ದೆ ಇಲ್ಲ ಅನ್ಸುತ್ತೆ," ಅಂದಳು. ಅವಳ ಸ್ವಭಾವವೇ ಹಾಗೆ, ಎದುರಿಗಿದ್ದವರ ಮುಖ ನೋಡುವುದು.

ಅವರು ತಕ್ಷಣಕ್ಕೆ ಮಾಡಿಕೊಟ್ಟದ್ದು ಒಂದೇ: ಪುಟ ಬದಲಾಗುವವರೆಗೆ ಕೀಲಿಮಣೆಗೆ ಬೀಗ. ಇನ್ನು ಒಬ್ಬರ ಮಾತು ಇನ್ನೊಬ್ಬರ ಪುಟಕ್ಕೆ ಹೋಗುವಂತಿಲ್ಲ. ಮಿಂಚುವಿನ ಭಯ ಹೋಯಿತು. ಆದರೆ ಬೀಗ ತೆರೆದಿದೆಯೋ ಇಲ್ಲವೋ ಎಂದು ತಿಳಿಯಲು ಪರದೆಯನ್ನೇ ನೋಡುತ್ತಿರಬೇಕು. ಹೀಗೆ ಅವಳ ಕಣ್ಣು ಎದುರಿನವರನ್ನು ಬಿಟ್ಟು ಗಾಜಿಗೆ ಅಂಟಿತು. ಜನ ಬಂದರು, ಹೇಳಿದರು, ಹೋದರು. ಅವಳು ಧ್ವನಿ ಕೇಳಿದಳು, ಒತ್ತಿದಳು, ಕಾದಳು.

ನಾನು ನನ್ನ ಕಿಟಕಿಯಿಂದ ಅದನ್ನು ದಿನವೂ ನೋಡಿದೆ. ಕಾಯುವುದು ಬಿಡುವಲ್ಲ. ಬಿಡುವಾದರೆ ಮನಸ್ಸು ಎಲ್ಲಿಗಾದರೂ ಹೋಗಿ ಬರಬಹುದು. ಈ ಒಂದು ಉಸಿರಿನ ಕಾಯುವಿಕೆಯಲ್ಲಿ ಎಲ್ಲಿಗೂ ಹೋಗಲಾಗುವುದಿಲ್ಲ, ಬಾಗಿಲಲ್ಲೇ ಕಾಲೆತ್ತಿ ನಿಂತಿರಬೇಕು. ಅಂಥ ಒಂದೊಂದೇ ಉಸಿರು ಸೇರಿ ಸಂಜೆಯಾಗುವಾಗ ಅವಳ ಭುಜ ಕಿವಿಯವರೆಗೆ ಏರಿರುತ್ತಿತ್ತು. ಸಾಲು ಬೆಳೆಯಿತು. ಹಿಂದೆ ಮಿಂಚಕ್ಕ ಎಂದು ಕರೆದ ಊರೇ ಈಗ "ಬೇಗ ಬೇಗ ಮಾಡ್ರಮ್ಮ" ಎಂದು ಕೂಗತೊಡಗಿತು. ಒಬ್ಬ ಗಡ್ಡದವನು ಕಿಟಕಿಯ ಗಾಜು ಬಡಿದು, "ನಿದ್ದೆ ಹೊಡೀತಿದೀರಾ ಒಳಗೆ?" ಎಂದ. ಅವಳು ತಲೆಯೆತ್ತದೆ, "ನಾನಲ್ಲಪ್ಪ, ಇದು," ಎಂದು ಪರದೆಯ ಕಡೆ ಬೆರಳು ತೋರಿಸಿದಳು. ಅವನಿಗೆ ಆ ಪರದೆ ಕಾಣುವುದಿಲ್ಲವಲ್ಲ. ಅವನಿಗೆ ಕಂಡದ್ದು ಕೈಕಟ್ಟಿ ಕೂತ ಒಬ್ಬ ವಯಸ್ಸಾದ ಹೆಂಗಸು.

ಒಂದು ರಜೆಯ ಮಧ್ಯಾಹ್ನ ಅವರ ಮನೆಗೆ ಹೋಗಿದ್ದೆ. ಗಂಡ ಬಾಗಿಲಲ್ಲಿ ಕೂತು ಬೂಟಿಗೆ ಪಾಲಿಶ್ ತಿಕ್ಕುತ್ತಿದ್ದರು. ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವ ಮಗಳು ಅಮ್ಮನ ಭುಜಕ್ಕೆ ಎಣ್ಣೆ ಹಚ್ಚುತ್ತಿದ್ದಳು.

"ಅಮ್ಮಾ, ನೀನು ಸ್ವಲ್ಪ ನಿಧಾನ ಕಲೀಬೇಕಪ್ಪ," ಎಂದಳು ಮಗಳು.

"ನಿಧಾನ ನಂಗೆ ಗೊತ್ತಿಲ್ವೇನೇ? ನಿಮ್ಮಪ್ಪನ ಬಾಯಲ್ಲಿ ನಾನು ಮೋಡ. ನಿಧಾನ ಅಂದ್ರೆ ನಂದು. ಇದು ನಂದಲ್ಲ, ಬೇರೆ ಯಾರೋ ನನ್ನ ಕೈ ಹಿಡ್ಕೊಂಡು ನಿಲ್ಲಿಸಿದ ಹಾಗೆ."

"ನಮ್ಮ ಹೊಸ ಬಸ್ಸೂ ಅಷ್ಟೇ," ಎಂದರು ಗಂಡ ಬೂಟಿನ ಮೂತಿ ನೋಡುತ್ತಾ. "ಎಂಜಿನ್ನು ಆನೆ ಬಲ. ಆದ್ರೆ ಬಾಗಿಲು ತಾನೇ ಮುಚ್ಚಿ, ದೀಪ ಹತ್ತಿ, ಮುಂದಿನ ನಿಲ್ದಾಣದ ಹೆಸರು ಹೇಳಿ ಮುಗಿಯೋವರೆಗೂ ಹೊರಡಲ್ಲ. ಹಳೇ ಡಬ್ಬ ಬಸ್ಸಲ್ಲಿ ಅಷ್ಟೊತ್ತಿಗೆ ನಾನು ಸೇತುವೆ ದಾಟಿರ್ತಿದ್ದೆ. ಒಂದು ಪುಣ್ಯ, ಬ್ರೇಕಿಗೆ ಇನ್ನೂ ಆ ವೃತ್ತ ಹಾಕಿಲ್ಲ. ಕಾಲಿಟ್ಟ ಮೇಲೆ 'ಸ್ವಲ್ಪ ತಾಳಿ' ಅಂದ್ರೆ ನಾನು ಸೀದಾ ಜೈಲಿಗೆ."

ನಾವು ನಕ್ಕೆವು. ಮಿಂಚು ನಗಲು ಹೋಗಿ ಭುಜ ಹಿಡಿದುಕೊಂಡಳು.

ಅಪ್‌ಡೇಟ್ ಸಾರ್ ಸುಮ್ಮನೆ ಕೂರಲಿಲ್ಲ. ಯಾರು ಯಾರ ಹತ್ತಿರ ಏನು ಹೇಳಿ ಒಪ್ಪಿಸಿದರೋ, ಮೊದಲ ಒಂದು ಪುಟವನ್ನು ಮೇಜಿನ ಕೆಳಗಿನ ಯಂತ್ರದಲ್ಲೇ ಇರಿಸಿ, ಒತ್ತಿದ ಅಕ್ಷರಗಳನ್ನು ಅದು ಕಾಪಾಡಿಕೊಂಡು ನಿಧಾನವಾಗಿ ದೂರದೂರಿಗೆ ಕಳಿಸುವಂತೆ ಮಾಡಿಕೊಟ್ಟರು. ಅವಳು ಮೊದಲ ಸಲ ಒತ್ತಿ ನೋಡಿ, ಮತ್ತೆ ಒತ್ತಿ ನೋಡಿ, ಹಜಾರದಾಚೆಯಿಂದ ನನಗೆ ಕೇಳುವಂತೆ, "ಏ ಮಾತ್ರೆ, ಬಂತು ಕಣೇ!" ಎಂದು ಕೂಗಿದಳು. ಒಂದೆರಡು ತಿಂಗಳು ಅವಳು ಮತ್ತೆ ತಲೆಯೆತ್ತಿ ಕೂತಳು. ಸಾಲು ಮೆಟ್ಟಿಲಿನಿಂದ ಒಳಗೆ ಬಂತು. ಊಟದ ಹೊತ್ತಿನಲ್ಲಿ, ಇವತ್ತು ಒಬ್ಬಳ ಉಗುರು ನೀಲಿಯಾಗಿತ್ತು, ಒಬ್ಬ ಮಾತಾಡುವಾಗ ಪದ ಹುಡುಕುತ್ತಿದ್ದ ಎಂದು ಮತ್ತೆ ಹೇಳತೊಡಗಿದಳು.

ಆಮೇಲೆ ಇನ್ನೊಂದು ಹೊಸ ಆವೃತ್ತಿ ಬಂತು. ಬೆಳಿಗ್ಗೆ ತೆರೆದರೆ ಒಂದು ಬಣ್ಣದ ಕೈ ಆಡಿಸಿ "ಶುಭೋದಯ" ಎನ್ನುತ್ತಿತ್ತು. ಆ ಕೈ ಆಡಿ ಮುಗಿಯುವವರೆಗೆ ಕಾಯಬೇಕು. ಮೊದಲ ಪುಟ ಮತ್ತೆ ದೂರದೂರಿಗೆ ಹೋಗಿತ್ತು. ಅಪ್‌ಡೇಟ್ ಸಾರ್ ಫೋನಿನಲ್ಲಿ ಸಿಕ್ಕರು. "ನನ್ನನ್ನ ಬೇರೆ ಕೆಲಸಕ್ಕೆ ಹಾಕಿದಾರೆ ಅಕ್ಕ. ಹೊಸ ತಂಡದವರು ಎಲ್ಲ ಶುಚಿ ಮಾಡೋವಾಗ ನಾನು ಬರೆದದ್ದು ಯಾಕಿದೆ ಅಂತ ಅವರಿಗೆ ಗೊತ್ತಾಗಲಿಲ್ಲ, ತೆಗೆದುಬಿಟ್ಟಿದಾರೆ. ಮತ್ತೆ ಕೇಳ್ತೀನಿ. ಆಗುತ್ತೆ ಅಂತ ಮಾತ್ರ ಹೇಳಲ್ಲ." ಅವರ ಧ್ವನಿಯಲ್ಲಿ ನೆಪವಿರಲಿಲ್ಲ, ಸುಸ್ತು ಮಾತ್ರ ಇತ್ತು.

ಅವಳು ಫೋನು ಇಟ್ಟಳು. "ಕಲಿಯೋಕೆ ನಂಗೆ ಬೇಜಾರಿಲ್ಲ ಮಾತ್ರೆ," ಎಂದಳು. "ಕಲಿತದ್ದು ಕೈಗೆ ಹತ್ತೋ ಹೊತ್ತಿಗೆ ಅದನ್ನ ಕಿತ್ಕೋತಾರೆ. ಇನ್ನೊಂದು ಸಲ ನನ್ನ ಕೈಲಾಗಲ್ಲ."

ಕೈಲಾಗಲ್ಲ ಅನ್ನುವ ಮಾತನ್ನು ಅವಳು ಆಡಿದ್ದು ನಿಜ. ಜನ ಹೇಳುವುದು ಅದನ್ನೇ. ಆದರೆ ಅದರ ಮರುದಿನ ಅವಳು ಮೇಲ್ವಿಚಾರಕರ ಹತ್ತಿರ ಹೋಗಿ ಕೇಳಿದ್ದು ಮೇಲಿನ ಮಹಡಿಯ ಫ್ಯಾನನ್ನಲ್ಲ.

"ನನ್ನನ್ನ ಹೊರಗೆ ಬಿಡಿ ಸಾರ್. ಕಿಟಕಿ ಆಚೆ, ಸಾಲಲ್ಲಿ. ಯಾರು ಕಾಯಬಾರದೋ ಅವರನ್ನ ನೋಡಿ ಒಳಗೆ ಕಳಿಸ್ತೀನಿ."

"ಅಂಥ ಹುದ್ದೆ ಇಲ್ವಲ್ಲಮ್ಮ ನಮ್ಮಲ್ಲಿ," ಎಂದರು ಅವರು.

"ಅಂಥ ಸಾಲೂ ಇರ್ಲಿಲ್ವಲ್ಲ ಸಾರ್ ಮುಂಚೆ."

ಅವರು ಕಿಟಕಿಯಿಂದ ಹೊರಗೆ ನೋಡಿದರು. ಸಾಲು ಗೇಟಿನ ಹತ್ತಿರ ಇತ್ತು. ಕಾಗದದಲ್ಲಿ ನೀವು ಎರಡನೇ ಕಿಟಕಿಯಲ್ಲೇ ಇರುತ್ತೀರಿ, ಬಾಯಿಮಾತಿನಲ್ಲಿ ಹೊರಗಿರಿ ಎಂದು ಒಪ್ಪಿದರು. ಅವಳ ಕುರ್ಚಿಗೆ ದಾಖಲೆ ಕೋಣೆಯ ಕಿರಿಯಳೊಬ್ಬಳನ್ನು ಇಳಿಸಿದರು.

ಹೀಗೆ ಮಿಂಚು ಕಿಟಕಿ ಬಿಟ್ಟು ಹೊರಗೆ ಬಂದಳು. ತನ್ನ ಸಹಜ ನಿಧಾನದಲ್ಲಿ ಸಾಲಿನುದ್ದಕ್ಕೂ ನಡೆಯುತ್ತಿದ್ದಳು, ಗೇಟಿನವರೆಗೆ ಹೋಗಿ ತಿರುಗಿ ಬರುತ್ತಿದ್ದಳು. ಮಗು ಹೊತ್ತ ತಾಯಿಯ ಹತ್ತಿರ ನಿಂತು ಮಗುವಿನ ತುಟಿ ಒಣಗಿದೆಯಾ ನೋಡುತ್ತಿದ್ದಳು. ಗೋಡೆಗೊರಗಿದವನನ್ನು, "ಬೆನ್ನು ನೋವಾ, ಎದೆ ನೋವಾ? ಸುಳ್ಳು ಹೇಳಬೇಡಿ, ನಂಗೆ ಸಾಲು ಮುರಿಯೋ ಅಧಿಕಾರ ಇದೆ," ಎಂದು ಕೇಳುತ್ತಿದ್ದಳು. ಅಂಥ ಅಧಿಕಾರ ಯಾರೂ ಕೊಟ್ಟಿರಲಿಲ್ಲ. ಯಾರನ್ನಾದರೂ ಮುಂದೆ ಕಳಿಸಿದರೆ ಹಿಂದಿನವರು ಗಲಾಟೆ ಮಾಡುತ್ತಿದ್ದರು. "ನಾಳೆ ನೀವು ಹೀಗೆ ಬಂದ್ರೆ ನಿಮ್ಮನ್ನೂ ಕಳಿಸ್ತೀನಿ ಮಾರಾಯ್ರೆ," ಎಂದು ಸಮಾಧಾನ ಮಾಡುತ್ತಿದ್ದಳು. ಎಲ್ಲರನ್ನೂ ಅವಳು ಹಿಡಿದಳೆಂದಲ್ಲ. ಸಾಲು ಒಬ್ಬಳ ಕಣ್ಣಿಗೆ ದೊಡ್ಡದು. ಒಮ್ಮೆ ಅವಳು ಗೇಟಿನ ಬಳಿ ಇದ್ದಾಗ ಒಬ್ಬರು ಒಳಗೆ ಕಿಟಕಿಯ ಮುಂದೆಯೇ ಕುಸಿದರು. ಬದುಕಿಕೊಂಡರು. ಆದರೂ ಅವತ್ತಿನಿಂದ ಅವಳು ಊಟದ ಹೊತ್ತನ್ನು ಅರ್ಧ ಮಾಡಿಕೊಂಡಳು, ಅವಳು, ಡಬ್ಬಿ ಮುಗಿಸಲು ಯುಗ ತೆಗೆದುಕೊಳ್ಳುತ್ತಿದ್ದವಳು.

ದಿನವಿಡೀ ನಿಂತು ಪಾದ ಊದುತ್ತಿತ್ತು. "ಒಂದು ಸ್ಟೂಲು ಹಾಕ್ಕೊಂಡು ಕೂರೇ," ಎಂದು ಬೈದೆ.

"ಕೂತ್ರೆ ಮುಖ ಕಾಣಲ್ಲ. ಸೊಂಟ ಕಾಣುತ್ತೆ."

"ನಿನ್ನ ಮುಖ ಕನ್ನಡೀಲಿ ನೋಡ್ಕೊಂಡಿದೀಯಾ?"

"ಅದನ್ನ ನೋಡೋಕೆ ನೀನಿದೀಯಲ್ಲ," ಅಂದಳು.

ಅವಳ ಮುಖ ಬಾಡಿದ್ದು ನನಗೆ ಕಂಡಿತ್ತು. ಎಲ್ಲರಿಗೂ ಕಂಡಿತ್ತು. ವೈದ್ಯರಿಗೆ ತೋರಿಸಿದೆವು, ಮಾತ್ರೆ ಕೊಟ್ಟರು, ನಾನೇ ಕತ್ತರಿಸಿ ಲಕೋಟೆಗೆ ಹಾಕಿದೆ. ರಜೆ ಹಾಕು ಎಂದರು, ಹಾಕಿದಳು, ಬೇಗನೆ ಹಿಂತಿರುಗಿದಳು. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟು, ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವಳು ಮತ್ತೆ ಏಳಲಿಲ್ಲ. ಗಂಡ ಎತ್ತಿ ಮಡಿಲಲ್ಲಿ ಮಲಗಿಸಿಕೊಂಡಾಗ ಮುಗಿದಿತ್ತಂತೆ. ಹೃದಯ.

ಮಣ್ಣು ಮಾಡುವ ದಿನ ಅಪ್‌ಡೇಟ್ ಸಾರ್ ಬಂದಿದ್ದರು. ಅದೇ ಚೀಲ ಭುಜದ ಮೇಲೆ. ಗಂಡನ ಕೈ ಹಿಡಿದುಕೊಂಡು ನಿಂತರು. ಗಂಡನೇ ಅವರ ಬೆನ್ನು ಸವರಿ, "ನಿಮ್ಮ ಬಗ್ಗೆ ಒಳ್ಳೇದೇ ಹೇಳ್ತಿದ್ಲು ಸಾರ್," ಎಂದರು.

ಮರುವಾರ ಮೇಲ್ವಿಚಾರಕರು ನನ್ನನ್ನು ಕರೆದರು. ಅವಳ ಜಾಗಕ್ಕೆ ಯಾರನ್ನಾದರೂ ಹಾಕಬೇಕೆಂದು ಮೇಲಿನ ಕಚೇರಿಗೆ ಬರೆದಿದ್ದರಂತೆ. ಉತ್ತರ ಬಂದಿತ್ತು. ಎರಡನೇ ಕಿಟಕಿಯಲ್ಲಿ ಈಗಾಗಲೇ ಒಬ್ಬರು ಕೆಲಸ ಮಾಡುತ್ತಿದ್ದಾರೆ, ಆದ್ದರಿಂದ ಯಾವ ಜಾಗವೂ ಖಾಲಿ ಇಲ್ಲ.

"ಇಲ್ಲದ ಹುದ್ದೆ ಖಾಲಿ ಆಗೋದು ಹೇಗಮ್ಮ?" ಎಂದರು ಅವರು. ಬೇಕಂತ ಚುಚ್ಚಿದ್ದಲ್ಲ. ಅವರ ಕಣ್ಣೂ ಕೆಂಪಾಗಿತ್ತು.

ಎರಡನೇ ಕಿಟಕಿಯಲ್ಲಿ ಈಗ ಕೂರುವವಳು ಒಳ್ಳೆಯ ಹುಡುಗಿ. ಪರದೆಯಿಂದ ಕಣ್ಣು ತೆಗೆಯುವುದಿಲ್ಲ, ತಪ್ಪು ಮಾಡುವುದಿಲ್ಲ. ಸಾಲು ಗೇಟಿನವರೆಗೆ ಇದ್ದೇ ಇರುತ್ತದೆ. ನನ್ನ ಕಿಟಕಿಯಿಂದ ಅದರಲ್ಲಿ ಅರ್ಧ ಕಾಣುತ್ತದೆ, ಉಳಿದರ್ಧಕ್ಕೆ ಹಜಾರದ ಕಂಬ ಅಡ್ಡ. ಮಾತ್ರೆ ಎಣಿಸುತ್ತಾ ಆಗಾಗ ಕುತ್ತಿಗೆ ಚಾಚಿ ನೋಡುತ್ತೇನೆ. ನೋಡಿದರೆ ಎಣಿಕೆ ತಪ್ಪುತ್ತದೆ. ಮತ್ತೆ ಮೊದಲಿನಿಂದ ಎಣಿಸುತ್ತೇನೆ.